ಉದ್ರಿ ಗಿರಾಕಿಗೆ, ಬಡ್ಡಿ ಅಂಗಡಿಗೆ

ಹುಬ್ಬಳ್ಳಿ-ಧಾರವಾಡದ ಅಂಗಡಿಕಾರರ ಮೇಲೆ ಒಂದು ಆಪಾದನೆ ಬಹಳ ದಿನದಿಂದ ಚಾಲ್ತಿಯಲ್ಲಿದೆ. ಕ್ರೆಡಿಟ್ ಕಾರ್ಡ್ ಮುಂದೆ ಹಿಡಿದರೆ ಇಲ್ಲಿಯ ವ್ಯಾಪಾರಿ ಮುಖ ಸಿಂಡರಿಸುತ್ತಾನೆ. ‘ಕಾರ್ಡ್ ನಡಿಯಂಗಿಲ್ರಿ, ಸ್ಕ್ಯಾನ್ ಮಾಡ್ರಿ’ ಅನ್ನುತ್ತಾನೆ. ಜುಲುಮೆ ಮಾಡಿದರೆ ‘ಮ್ಯಾಲ ಎರಡು ಪರ್ಸೆಂಟ್ ಬೀಳತೈತಿ ನೋಡ್ರಿ’ ಎಂದು ಷರತ್ತು ಹಾಕುತ್ತಾನೆ. ಬೆಂಗಳೂರು, ಪುಣೆಗಳಿಂದ ಊರಿಗೆ ಬಂದವರು, ಇಲ್ಲೇ ಒಳ್ಳೆಯ ಪಗಾರದ ನೌಕರಿಯಲ್ಲಿರುವವರು, ಹಣಕಾಸಿನ ಬಗ್ಗೆ ಬುದ್ಧಿ ಹೇಳುವವರು, ಎಲ್ಲರೂ ಇದಕ್ಕೆ ಎರಡೇ ಕಾರಣ ಕೊಡುತ್ತಾರೆ. ಒಂದು, ಈ ಊರಿನ ವ್ಯಾಪಾರಿ ಇನ್ನೂ ಸುಧಾರಿಸಿಲ್ಲ. ಎರಡು, ಅವನು ತೆರಿಗೆ ತಪ್ಪಿಸುತ್ತಾನೆ. ಈ ಎರಡೂ ಕಾರಣಗಳು ತಪ್ಪು ಎಂಬುದು ನನ್ನ ವಾದ. ಕಾರ್ಡು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದನ್ನು ತೀರ್ಮಾನಿಸುವುದು ಅಂಗಡಿಕಾರನ ಬುದ್ಧಿಮಟ್ಟವಲ್ಲ, ಅವನ ಪ್ರಾಮಾಣಿಕತೆಯೂ ಅಲ್ಲ. ಕಾರ್ಡಿನ ಖರ್ಚನ್ನು ಯಾರ ತಲೆಗೆ ಕಟ್ಟಲಾಗಿದೆ, ಆ ತಲೆಗೆ ಅದನ್ನು ಹೊರುವಷ್ಟು ಲಾಭದ ಅಂತರ ಇದೆಯೇ ಎಂಬುದಷ್ಟೇ ಅದನ್ನು ತೀರ್ಮಾನಿಸುತ್ತದೆ. ಈ ಲೆಕ್ಕದಲ್ಲಿ ‘ಬೇಡ’ ಅನ್ನುವ ವ್ಯಾಪಾರಿ ಸರಿಯಾಗಿಯೇ ಇದ್ದಾನೆ. ಅವನನ್ನು ಹಳಿಯುವವರು ಲೆಕ್ಕ ಮಾಡಿಲ್ಲ.

ಮೊದಲು ಯಾವ ಕಾರ್ಡಿನ ಮಾತು ಎಂಬುದು ಸ್ಪಷ್ಟವಾಗಲಿ. ಕಳೆದ ಕೆಲವು ವರ್ಷಗಳಲ್ಲಿ ‘ಎಲ್ಲ ಕಡೆ ನಡೆಯುವ ಕಾರ್ಡ್’ ಎಂದು ಹೆಚ್ಚು ಪ್ರಚಾರ ಪಡೆದದ್ದು ರೂಪೇ ಕ್ರೆಡಿಟ್ ಕಾರ್ಡು. ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಅವಕಾಶ ಕೊಡುವುದಾಗಿ ರಿಸರ್ವ್ ಬ್ಯಾಂಕು 2022ರ ಜೂನ್ 8ರಂದು ಹೇಳಿತು. ಅದೇ ವರ್ಷ ಸೆಪ್ಟೆಂಬರ್ 20ರಂದು ಮುಂಬೈಯಲ್ಲಿ ಸೌಲಭ್ಯ ಶುರುವಾಯಿತು. ವೀಸಾ, ಮಾಸ್ಟರ್‌ಕಾರ್ಡ್‌ಗಳಿಗೆ ಈ ಬಾಗಿಲು ತೆರೆಯಲಿಲ್ಲ. ರೂಪೇಗೆ ಮಾತ್ರ ತೆರೆಯಿತು. ಅಲ್ಲಿಂದ ಒಂದು ಹೊಸ ನಂಬಿಕೆ ಹರಡಿತು: ಕ್ಯುಆರ್ ಚೀಟಿ ಅಂಟಿಸಿದ ಅಂಗಡಿಯಲ್ಲೆಲ್ಲ ಇನ್ನು ಕ್ರೆಡಿಟ್ ಕಾರ್ಡು ನಡೆಯುತ್ತದೆ, ದುರ್ಗದ ಬೈಲಿನ ಗಿರಮಿಟ್ ಗಾಡಿಯಲ್ಲೂ ನಡೆಯುತ್ತದೆ. ಆದರೆ ಗಾಡಿಯ ಮುಂದೆ ನಿಂತು ಸ್ಕ್ಯಾನ್ ಮಾಡಿದಾಗ ಮೊಬೈಲಿನಲ್ಲಿ ‘ಈ ಖಾತೆಗೆ ಕ್ರೆಡಿಟ್ ಕಾರ್ಡಿನಿಂದ ಕಳಿಸಲಾಗದು’ ಎಂಬರ್ಥದ ಒಂದು ಸಾಲು ಮೂಡುತ್ತದೆ, ಗಿರಾಕಿ ಗಾಡಿಯವನ ಕಡೆ ಗುರಾಯಿಸುತ್ತಾನೆ. ಗಾಡಿಯವನ ತಪ್ಪು ಏನೂ ಇಲ್ಲ. ಹೊರಗಿನಿಂದ ನೋಡಲು ಎಲ್ಲ ಚೀಟಿಗಳೂ ಒಂದೇ ಥರ ಕಂಡರೂ ಒಳಗಿನ ವ್ಯವಸ್ಥೆ ಬೇರೆ. ಒಬ್ಬ ವ್ಯಕ್ತಿಯ ಉಳಿತಾಯ ಖಾತೆಗೆ ಜೋಡಿಸಿದ ಕ್ಯುಆರ್‌ಗೆ ಕ್ರೆಡಿಟ್ ಕಾರ್ಡಿನ ಹಣ ಹೋಗುವಂತಿಲ್ಲ. ವ್ಯಾಪಾರಿ ಎಂದು ನೋಂದಾಯಿಸಿದ ಖಾತೆಗೆ ಮಾತ್ರ ಹೋಗುತ್ತದೆ. ನೋಂದಾಯಿಸಿದ ಸಣ್ಣ ವ್ಯಾಪಾರಿಗೂ 2,000 ರೂಪಾಯಿವರೆಗಿನ ಪಾವತಿಯ ಮೇಲೆ ಮಾತ್ರ ಶುಲ್ಕ ಮಾಫಿ ಎಂದು ರಾಷ್ಟ್ರೀಯ ಪಾವತಿ ನಿಗಮ 2022ರ ಅಕ್ಟೋಬರಿನಲ್ಲಿ ಗೆರೆ ಎಳೆಯಿತು. ಅದಕ್ಕಿಂತ ಒಂದು ರೂಪಾಯಿ ಹೆಚ್ಚಾದರೆ ಮಾಮೂಲಿ ಕ್ರೆಡಿಟ್ ಕಾರ್ಡಿಗೆ ಇರುವಂಥ ಕಡಿತ ಬೀಳುತ್ತದೆ. ಪ್ರಚಾರದಲ್ಲಿ ‘ಎಲ್ಲ ಕಡೆ’ ಎಂಬ ಮಾತು ದಪ್ಪ ಅಕ್ಷರದಲ್ಲಿತ್ತು, ಈ ಗೆರೆ ಇರಲಿಲ್ಲ.

ಈ ಕಡಿತದ ಅಂದಾಜು ಇಲ್ಲದೆ ಈ ಚರ್ಚೆಯೇ ವ್ಯರ್ಥ. ಕ್ರೆಡಿಟ್ ಕಾರ್ಡಿನಲ್ಲಿ ಹಣ ಪಡೆದ ಅಂಗಡಿಗೆ ಪೂರ್ತಿ ಹಣ ಬರುವುದಿಲ್ಲ. ಕಾರ್ಡು ಕೊಟ್ಟ ಬ್ಯಾಂಕು, ಕಾರ್ಡಿನ ಜಾಲ ನಡೆಸುವ ಸಂಸ್ಥೆ, ಅಂಗಡಿಗೆ ಮಷಿನ್ ಕೊಟ್ಟ ಬ್ಯಾಂಕು, ಈ ಮೂವರ ಪಾಲು ಮುರಿದುಕೊಂಡು ಉಳಿದದ್ದು ಖಾತೆಗೆ ಬೀಳುತ್ತದೆ. ದರ ಒಪ್ಪಂದದ ಮೇಲೆ ಹೋಗುತ್ತದೆ. ಸಣ್ಣ ಅಂಗಡಿಗೆ ನೂರಕ್ಕೆ ಎರಡು ಎಂಬುದು ಮಾರುಕಟ್ಟೆಯಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕ. 10,000 ರೂಪಾಯಿಯ ಬಿಲ್ಲಿಗೆ 200 ರೂಪಾಯಿ, ಆ ಶುಲ್ಕದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಎಂದು ಇನ್ನು 36, ಒಟ್ಟು 236. ಇದು ಕಣ್ಣಿಗೆ ಬೀಳದ ಹಾಗೆ ಹೋಗುತ್ತದೆ ಎಂಬುದು ಇನ್ನೊಂದು ವಿಷಯ. ರಾತ್ರಿ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಸ್ವೈಪ್ ಮಷಿನಿನಿಂದ ಸೆಟ್ಲಮೆಂಟ್ ಚೀಟಿ ತೆಗೆದರೆ ಅದರಲ್ಲಿ ಪೂರ್ತಿ ಮೊತ್ತವೇ ಅಚ್ಚಾಗಿರುತ್ತದೆ. ಮರುದಿನ ಖಾತೆಗೆ ಜಮಾ ಆಗುವುದು ಕಡಿಮೆ ಮೊತ್ತ. ಎರಡರ ನಡುವಿನ ವ್ಯತ್ಯಾಸ ಹುಡುಕಬೇಕೆಂದರೆ ತಿಂಗಳ ಸ್ಟೇಟ್‌ಮೆಂಟ್ ತರಿಸಿಕೊಂಡು ಕೂತು ತಾಳೆ ಹಾಕಬೇಕು. ಮಷಿನಿನ ತಿಂಗಳ ಬಾಡಿಗೆ ಬೇರೆ. ಈಗ ಜಿಎಸ್‌ಟಿಯ ರಾಜಿ ಪದ್ಧತಿಯಲ್ಲಿರುವ ಒಬ್ಬ ಕಿರಾಣಿಯವನನ್ನು ನೋಡಿ. ವರ್ಷಕ್ಕೆ 1.5 ಕೋಟಿಯವರೆಗೆ ವಹಿವಾಟು ಇರುವವರಿಗೆ ಈ ಪದ್ಧತಿ. ವಹಿವಾಟಿನ ಮೇಲೆ ನೂರಕ್ಕೆ ಒಂದು ತೆರಿಗೆ ಕಟ್ಟುತ್ತಾನೆ, ಆದರೆ ತಾನು ಬೇರೆಡೆ ಕೊಟ್ಟ ಜಿಎಸ್‌ಟಿಯನ್ನು ವಾಪಸು ಪಡೆಯುವ ಹಕ್ಕು ಅವನಿಗಿಲ್ಲ. ಎಂದರೆ ಆ 36 ರೂಪಾಯಿಯೂ ಅವನ ಗಂಟಿನಿಂದಲೇ. ಅದೇ 10,000 ರೂಪಾಯಿ ವ್ಯಾಪಾರಕ್ಕೆ ಅವನು ಸರಕಾರಕ್ಕೆ ಕೊಡುವುದು 100 ರೂಪಾಯಿ, ಕಾರ್ಡಿನ ಹೆಸರಿನಲ್ಲಿ ಹೋಗುವುದು 236. ರಸ್ತೆ, ದೀಪ, ಶಾಲೆ, ಪೊಲೀಸು ಎಲ್ಲಕ್ಕೂ ಸೇರಿ ಕೊಡುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚನ್ನು ಒಂದು ಪ್ಲಾಸ್ಟಿಕ್ ತುಂಡಿನ ಮರ್ಜಿಗೆ ಕೊಡಬೇಕು; ಕೊಡದಿದ್ದರೆ ಅವನು ಹಿಂದುಳಿದವ!

ಅವಳಿ ನಗರದಲ್ಲಿ ಕಾರ್ಡು ಎಲ್ಲಿ ನಡೆಯುತ್ತದೆ ಎಂದು ಒಂದು ನಕ್ಷೆ ಬಿಡಿಸಿದರೆ ಈ ಮಾತು ಇನ್ನಷ್ಟು ನಿಚ್ಚಳವಾಗುತ್ತದೆ. ಗೋಕುಲ ರೋಡಿನ ಶೋರೂಮುಗಳು, ಮಾಲಿನೊಳಗಿನ ಬ್ರ್ಯಾಂಡ್ ಅಂಗಡಿಗಳು, ದೊಡ್ಡ ಖಾಸಗಿ ಆಸ್ಪತ್ರೆಗಳು, ಎಸಿ ಹೋಟೆಲುಗಳು, ಕೊಪ್ಪೀಕರ ರೋಡಿನ ದೊಡ್ಡ ಬಟ್ಟೆ ಅಂಗಡಿಗಳು, ಟಿವಿ-ಫ್ರಿಜ್ಜು ಮಾರುವವರು, ಇಲ್ಲೆಲ್ಲ ಯಾರೂ ಕಾರ್ಡಿಗೆ ಮುಖ ತಿರುಗಿಸುವುದಿಲ್ಲ. ಜವಳಿ ಸಾಲಿನ ಸಗಟು ವ್ಯಾಪಾರಿ, ದಾಜೀಬಾನ ಪೇಟೆಯ ಸಣ್ಣ ಅಂಗಡಿ, ಜನತಾ ಬಜಾರಿನ ಕಾಯಿಪಲ್ಲೆ ಕಟ್ಟೆ, ಅಮರಗೋಳ ಎಪಿಎಂಸಿಯ ಅಡತಿ ಅಂಗಡಿ, ಧಾರವಾಡದ ಸುಭಾಸ ರೋಡಿನ ಸ್ಟೇಷನರಿಯವ, ಇಲ್ಲಿ ಕಾರ್ಡು ಎಂದರೆ ಹಿಂಜರಿಕೆ. ಇವೆರಡು ಗುಂಪುಗಳ ನಡುವೆ ವಿದ್ಯೆಯ ಅಂತರ ಹುಡುಕುವವರು ಬೇಕಾದರೆ ಹುಡುಕಲಿ. ಜವಳಿ ಸಾಲಿನ ವ್ಯಾಪಾರಿ ಮನೆತನಗಳಿಗೆ ವ್ಯಾಪಾರದ ಲೆಕ್ಕ ಕಲಿಸಲು ಹೋಗುವವರ ಧೈರ್ಯ ಮೆಚ್ಚಬೇಕು. ನಿಜವಾದ ಅಂತರ ಮಾರ್ಜಿನ್ನಿನದು. ನೂರಕ್ಕೆ ಮೂವತ್ತು-ನಲವತ್ತು ಮಾರ್ಜಿನ್ ಇಟ್ಟು ಮಾರುವ ಸಿದ್ಧ ಉಡುಪಿನ ಅಂಗಡಿಗೆ ಎರಡು ಚಿಲ್ಲರೆ ಪರ್ಸೆಂಟ್ ಹೋದರೆ ಗೊತ್ತೂ ಆಗುವುದಿಲ್ಲ. ಅಕ್ಕಿ, ಸಕ್ಕರೆ, ಒಳ್ಳೆಣ್ಣೆ ಮಾರುವವನಿಗೆ ಒಟ್ಟು ಉಳಿಯುವುದೇ ಬೆರಳೆಣಿಕೆಯ ಪರ್ಸೆಂಟು. ಪ್ಯಾಕೆಟ್ ಮಾಲಿನ ಮೇಲೆ ಎಂಆರ್‌ಪಿ ಅಚ್ಚಾಗಿದೆ; ಖರ್ಚು ಹೆಚ್ಚಾಯಿತೆಂದು ಬೆಲೆ ಏರಿಸಲು ಬರುವುದಿಲ್ಲ. ಕುಂದಗೋಳ, ಕಲಘಟಗಿ, ನವಲಗುಂದಗಳಿಂದ ಬಂದು ಒಂದು ಗಾಡಿ ಮಾಲು ಒಯ್ಯುವ ಚಿಲ್ಲರೆ ವ್ಯಾಪಾರಿಗೆ ಸಗಟಿನವನು ರೋಖಿನ ಮೇಲೆ ಬಿಡುವ ರಿಯಾಯಿತಿಯೇ ಒಂದು-ಎರಡು ಪರ್ಸೆಂಟು. ಅವನು ಕಾರ್ಡು ಉಜ್ಜಿದರೆ ಆ ರಿಯಾಯಿತಿಯೂ ಹೋಯಿತು, ಸಗಟಿನವನ ಲಾಭವೂ ಹೋಯಿತು. ಮಾರ್ಜಿನ್ ದಪ್ಪಗಿರುವಲ್ಲಿ ಕಾರ್ಡು, ತೆಳ್ಳಗಿರುವಲ್ಲಿ ಇಲ್ಲ. ಈ ಒಂದು ಸೂತ್ರ ಇಡೀ ನಕ್ಷೆಯನ್ನು ವಿವರಿಸುತ್ತದೆ, ‘ಸುಧಾರಣೆ’ ಎಂಬ ಸೂತ್ರ ಒಂದು ಓಣಿಯನ್ನೂ ವಿವರಿಸುವುದಿಲ್ಲ.

ಈಗ ತೆರಿಗೆಗಳ್ಳತನದ ಆಪಾದನೆಗೆ ಬರೋಣ. ಇದೇ ಹೆಚ್ಚು ಗಂಭೀರವಾದದ್ದು. ಕಾರ್ಡು ತೆಗೆದುಕೊಂಡರೆ ವಹಿವಾಟು ದಾಖಲಾಗುತ್ತದೆ, ಅದಕ್ಕೇ ಬೇಡ ಅನ್ನುತ್ತಾರೆ ಎಂಬುದು ವಾದ. ಕಾರ್ಡು ಬೇಡ ಅನ್ನುವ ಅದೇ ಬಾಯಿ ಮರುಕ್ಷಣ ಏನು ಹೇಳುತ್ತದೆ? ‘ಸ್ಕ್ಯಾನ್ ಮಾಡ್ರಿ.’ ಯುಪಿಐನಲ್ಲಿ ಬಂದ ಪ್ರತಿ ರೂಪಾಯಿಯೂ ದಿನ, ತಾಸು, ನಿಮಿಷ ಸಮೇತ ಬ್ಯಾಂಕಿನಲ್ಲಿ ದಾಖಲಾಗುತ್ತದೆ. ಸೌಂಡ್ ಬಾಕ್ಸು ಬೀದಿಗೆಲ್ಲ ಕೇಳುವಂತೆ ಮೊತ್ತ ಒದರುತ್ತದೆ. ವಹಿವಾಟು ಮುಚ್ಚಿಡಬೇಕೆನ್ನುವವನು ಕಾರ್ಡು ಬಿಟ್ಟು ಯುಪಿಐ ಹಿಡಿಯುವುದು ಯಾವ ಸೀಮೆಯ ಕಳ್ಳತನ? ದಾಖಲೆಯ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಶುಲ್ಕದ ವಿಷಯದಲ್ಲಿ ಇದೆ. 2020ರ ಜನವರಿ 1ರಿಂದ ಯುಪಿಐ ಮತ್ತು ರೂಪೇ ಡೆಬಿಟ್ ಕಾರ್ಡಿನ ಮೇಲೆ ಅಂಗಡಿಯಿಂದ ಶುಲ್ಕ ವಸೂಲಿ ಮಾಡುವಂತಿಲ್ಲ ಎಂದು ಕೇಂದ್ರ ಸರಕಾರ ಕಾನೂನು ಮಾಡಿದೆ. ಆದ್ದರಿಂದ ವ್ಯಾಪಾರಿ ಅದನ್ನು ಎರಡೂ ಕೈಯಿಂದ ಬರಮಾಡಿಕೊಂಡ. ಎರಡು ದಾರಿಯಲ್ಲಿ ಒಂದೇ ಥರದ ದಾಖಲೆ, ಒಂದು ಪುಕ್ಕಟೆ, ಇನ್ನೊಂದಕ್ಕೆ ದುಡ್ಡು. ಪುಕ್ಕಟೆಯದನ್ನು ಆರಿಸಿಕೊಂಡವನ ಉದ್ದೇಶ ಊಹಿಸಲು ಪತ್ತೇದಾರಿ ಬೇಕಿಲ್ಲ.

‘ಹಾಗಾದರೆ 2025ರ ಜುಲೈನಲ್ಲಿ ಏನಾಯಿತು?’ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಆಗ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ದಾಖಲೆ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ನಮ್ಮ ಪಕ್ಕದ ಹಾವೇರಿಯಲ್ಲಿ ಒಬ್ಬ ಕಾಯಿಪಲ್ಲೆ ವ್ಯಾಪಾರಿಗೆ 29 ಲಕ್ಷ ರೂಪಾಯಿ ತೆರಿಗೆಯ ನೋಟಿಸು ಬಂದದ್ದು ದೇಶದಾದ್ಯಂತ ಸುದ್ದಿಯಾಯಿತು. ತಾಜಾ ಕಾಯಿಪಲ್ಲೆಗೆ ಜಿಎಸ್‌ಟಿಯೇ ಇಲ್ಲ ಎಂಬುದು ನೋಟಿಸು ಕೊಡುವವರಿಗೆ ಆಮೇಲೆ ನೆನಪಾಯಿತೇನೋ. ಬೆಂಗಳೂರಿನ ಅಂಗಡಿಗಳು ಕ್ಯುಆರ್ ಚೀಟಿ ಕಿತ್ತು ‘ನಗದು ಮಾತ್ರ’ ಎಂಬ ಬೋರ್ಡು ಹಾಕಿದವು, ಜುಲೈ 25ಕ್ಕೆ ಬಂದ್ ಮಾಡುವ ಕರೆ ಬಂತು, ಅದಕ್ಕೂ ಎರಡು ದಿನ ಮೊದಲು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆಸಿ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಭರವಸೆ ಕೊಟ್ಟರು. ಆ ನೋಟಿಸು ಪಡೆದವರಲ್ಲಿ ತೆರಿಗೆ ಕಟ್ಟಬೇಕಾಗಿದ್ದೂ ನೋಂದಣಿ ಮಾಡಿಸದೆ ಕೂತವರು ಇದ್ದರು. ಅವರ ಪರ ನನ್ನ ವಕಾಲತ್ತು ಇಲ್ಲ. ಆದರೆ ಈ ಪ್ರಸಂಗ ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ. ಅದಕ್ಕೂ ಮೊದಲು ವರ್ಷಗಟ್ಟಲೆ ಈ ವ್ಯಾಪಾರಿಗಳು ತಮ್ಮ ವಹಿವಾಟನ್ನು ಬ್ಯಾಂಕಿನ ಪುಸ್ತಕದಲ್ಲಿ ತೆರೆದಿಟ್ಟೇ ದುಡಿದಿದ್ದರು. ಆಗಲೂ ಅವರು ಕ್ರೆಡಿಟ್ ಕಾರ್ಡು ಬೇಡ ಅನ್ನುತ್ತಿದ್ದರು. ಕ್ರೆಡಿಟ್ ಕಾರ್ಡಿನ ನಿರಾಕರಣೆ ಹಳೆಯದು, ಯುಪಿಐ ಭಯ ಹೊಸದು. ಒಂದರ ಕಾರಣವನ್ನು ಇನ್ನೊಂದಕ್ಕೆ ಅಂಟಿಸಲು ಬರುವುದಿಲ್ಲ.

ಅಂಗಡಿಯ ಗಂಟಿನಿಂದ ಹೋದ 236 ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂಬುದರ ಕಡೆ ಕಾರ್ಡಿನ ಭಕ್ತರು ನೋಡುವುದೇ ಇಲ್ಲ. ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ. ಬ್ಯಾಂಕು ಅದರಲ್ಲಿ ಒಂದು ಭಾಗವನ್ನು ರಿವಾರ್ಡ್ ಪಾಯಿಂಟು, ಕ್ಯಾಶ್‌ಬ್ಯಾಕು, ಬೆಂಗಳೂರಿನ ವಿಮಾನ ನಿಲ್ದಾಣದ ಲಾಂಜಿನಲ್ಲಿ ಪುಕ್ಕಟೆ ಊಟ ಎಂದು ಕಾರ್ಡುದಾರನಿಗೆ ಹಂಚುತ್ತದೆ. ಕಾರ್ಡು ಎಷ್ಟು ದುಬಾರಿಯದೋ ಅಷ್ಟು ಉಡುಗೊರೆ, ಸಾಮಾನ್ಯವಾಗಿ ಅಷ್ಟೇ ಹೆಚ್ಚು ಕಡಿತ. ಒಂದು ಜಾಲವನ್ನು ಒಪ್ಪಿಕೊಂಡ ಅಂಗಡಿ ಆ ಜಾಲದ ಎಲ್ಲ ಕಾರ್ಡುಗಳನ್ನೂ ಒಪ್ಪಬೇಕೆಂಬ ಕಟ್ಟಳೆ ಇರುವುದರಿಂದ ‘ಸಾದಾ ಕಾರ್ಡು ಸಾಕು, ಬಂಗಾರದ ಕಾರ್ಡು ಬೇಡ’ ಎನ್ನಲೂ ಬರುವುದಿಲ್ಲ. ಅಂಗಡಿಕಾರ ಈ ಖರ್ಚನ್ನು ಎಲ್ಲಿಂದಲೋ ತುಂಬಿಕೊಳ್ಳಲೇಬೇಕು. ಎಂಆರ್‌ಪಿ ಇಲ್ಲದ ಮಾಲಿನ ಬೆಲೆಯಲ್ಲಿ ಸೇರಿಸುತ್ತಾನೆ. ಬೆಲೆ ಎಲ್ಲರಿಗೂ ಒಂದೇ. ಹೀಗೆ ಬ್ಯಾಹಟ್ಟಿಯಿಂದ ಬಂದು ರೊಕ್ಕ ಎಣಿಸಿ ಕೊಟ್ಟು ಮಗಳಿಗೆ ಸೀರೆ ಒಯ್ಯುವ ರೈತ, ವಿದ್ಯಾನಗರದ ಕಾರ್ಡುದಾರನ ಲಾಂಜಿನ ಊಟಕ್ಕೆ ಪಾಲು ಕೊಡುತ್ತಾನೆ. ಕೊಟ್ಟದ್ದು ಅವನಿಗೆ ಗೊತ್ತಿಲ್ಲ, ಉಂಡವನಿಗೂ ಗೊತ್ತಿಲ್ಲ. ಈ ಪೇಟೆಗೆ ಉದ್ರಿ ಹೊಸದಲ್ಲ. ಕಿರಾಣಿ ಅಂಗಡಿಯ ಉದ್ರಿ ವಹಿಯಲ್ಲಿ ಹೆಸರು ಬರೆಸಿ ಪಗಾರಕ್ಕೋ ಸುಗ್ಗಿಗೋ ತೀರಿಸುವ ಪದ್ಧತಿ ತಲೆಮಾರುಗಳದ್ದು. ಅಲ್ಲಿ ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು, ಮುಳುಗಿದರೆ ಎಷ್ಟು ಮುಳುಗುತ್ತದೆ ಎಂಬುದನ್ನು ಅಂಗಡಿಕಾರನೇ ತೂಗಿ ನೋಡುತ್ತಾನೆ. ಕ್ರೆಡಿಟ್ ಕಾರ್ಡಿನಲ್ಲಿ ಉದ್ರಿ ಕೊಡುವುದು ಬ್ಯಾಂಕು, ಪಡೆಯುವುದು ಗಿರಾಕಿ, ಮೊದಲ ತಿಂಗಳ ಬಡ್ಡಿಯನ್ನು ಮುಂಗಡವಾಗಿ ಕಟ್ಟುವುದು ಆ ಸಾಲಕ್ಕೆ ಸಂಬಂಧವೇ ಇಲ್ಲದ ಅಂಗಡಿ. ಇಂಥ ಸಾಲಪತ್ರಕ್ಕೆ ಸಹಿ ಹಾಕೆಂದರೆ ನಮ್ಮಲ್ಲಿ ಯಾರಾದರೂ ಹಾಕುತ್ತಿದ್ದರೇ?

ಕಡಿತ ಹೋಗಿ ಉಳಿದ ಹಣವಾದರೂ ಬರುತ್ತದಲ್ಲ, ಮುಳುಗುವ ಭಯ ಇಲ್ಲವಲ್ಲ ಎಂದು ಇದಕ್ಕೆ ಉತ್ತರ ಕೊಡುವವರು ಇದ್ದಾರೆ. ಸರಿ, ಆದರೆ ಯುಪಿಐನಲ್ಲೂ ಮುಳುಗುವ ಭಯ ಇಲ್ಲ. ನಗದಿಗೂ ಖರ್ಚಿದೆ, ಎಣಿಸಬೇಕು, ಖೋಟಾ ನೋಟು ನೋಡಬೇಕು, ಚಿಲ್ಲರೆ ಹುಡುಕಬೇಕು, ಬ್ಯಾಂಕಿಗೆ ಒಯ್ಯಬೇಕು ಎನ್ನುವವರೂ ಇದ್ದಾರೆ. ಅದೂ ನಿಜವೇ. ಆದರೆ ಈಗ ಕಾರ್ಡಿನ ಎದುರಾಳಿ ನಗದು ಅಲ್ಲ. ದೇಶದಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ಪಾವತಿಗಳ ಸಂಖ್ಯೆ 2,000 ಕೋಟಿ ದಾಟಿತು. ಕ್ರೆಡಿಟ್ ಕಾರ್ಡಿನ ಪರವಾಗಿ ಇಪ್ಪತ್ತು ವರ್ಷದ ಹಿಂದೆ ಹೇಳುತ್ತಿದ್ದ ಅನುಕೂಲಗಳೆಲ್ಲ ಈಗ ಅಂಗಡಿಗೆ ಪುಕ್ಕಟೆಯಾಗಿ ಸಿಗುತ್ತಿವೆ. ಉಳಿದದ್ದು ಒಂದೇ, ಉದ್ರಿ. ಅದು ಗಿರಾಕಿಯ ಅನುಕೂಲ, ಅಂಗಡಿಯದಲ್ಲ.

‘ಎರಡು ಪರ್ಸೆಂಟ್ ಮೇಲೆ ಕೇಳುವುದು ಅಕ್ರಮ’ ಎಂಬುದು ಇನ್ನೊಂದು ಏಟು. ಈ ಬಗ್ಗೆ ಸ್ವಲ್ಪ ನಿಧಾನಿಸಬೇಕು. ಡೆಬಿಟ್ ಕಾರ್ಡಿನ ಮೇಲೆ ಗಿರಾಕಿಯಿಂದ ಹೆಚ್ಚುವರಿ ಕೇಳಬಾರದು ಎಂದು ರಿಸರ್ವ್ ಬ್ಯಾಂಕು ಸ್ಪಷ್ಟವಾಗಿ ಹೇಳಿದೆ. ಅಲ್ಲಿ ಕೇಳುವ ಅಂಗಡಿ ತಪ್ಪು ಮಾಡುತ್ತದೆ, ಸಮರ್ಥನೆ ಇಲ್ಲ. ಅಲ್ಲಿ ಆ ಮಾತಿಗೆ ಅರ್ಥವೂ ಇದೆ, ಏಕೆಂದರೆ 2017ರ ಡಿಸೆಂಬರ್ 6ರ ಆದೇಶದಲ್ಲಿ ರಿಸರ್ವ್ ಬ್ಯಾಂಕು ಡೆಬಿಟ್ ಕಾರ್ಡಿನ ಶುಲ್ಕಕ್ಕೇ ಮಿತಿ ಹಾಕಿತು: ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟಿನ ಅಂಗಡಿಗೆ ಮಷಿನಿನ ಮೇಲೆ 0.40 ಪರ್ಸೆಂಟು, ಎಷ್ಟೇ ದೊಡ್ಡ ಬಿಲ್ಲಾದರೂ 200 ರೂಪಾಯಿ ಮೀರುವಂತಿಲ್ಲ. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಇಲ್ಲ. ಅಲ್ಲಿ ಗಿರಾಕಿಯಿಂದ ಕೇಳಬಾರದೆಂಬ ನಿರ್ಬಂಧ ಮುಖ್ಯವಾಗಿ ಬರುವುದು ಜಾಲದ ನಿಯಮಗಳಿಂದ ಮತ್ತು ಮಷಿನ್ ಕೊಡುವಾಗ ಬ್ಯಾಂಕು ಸಹಿ ಹಾಕಿಸಿಕೊಳ್ಳುವ ಒಪ್ಪಂದದಿಂದ. ಶುಲ್ಕ ವಸೂಲಿ ಮಾಡುವವನೇ ‘ನಾನು ವಸೂಲಿ ಮಾಡುವುದನ್ನು ಯಾರಿಗೂ ತೋರಿಸಬೇಡ’ ಎಂದು ಬರೆಸಿಕೊಂಡಿದ್ದಾನೆ. ಒಪ್ಪಂದ ಮುರಿಯುವುದು ಸರಿಯಲ್ಲ, ನಿಜ. ಆದರೆ ಮಷಿನನ್ನೇ ಇಟ್ಟುಕೊಳ್ಳದೆ ‘ಬೇಡ’ ಎನ್ನುವವನು ಯಾವ ಒಪ್ಪಂದವನ್ನೂ ಮುರಿದಿಲ್ಲ. ಟೀಕೆ ಅವನ ಮೇಲೂ ಬೀಳುತ್ತಿದೆಯಲ್ಲ!

ಸರಕಾರ ತಾನೇ ಹಣ ಪಡೆಯುವ ಕಡೆ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿದರೆ ಈ ನೀತಿಪಾಠದ ಬಣ್ಣ ಬಯಲಾಗುತ್ತದೆ. ಆದಾಯ ತೆರಿಗೆಯನ್ನು ಇಲಾಖೆಯ ಪೋರ್ಟಲಿನಲ್ಲಿ ಕ್ರೆಡಿಟ್ ಕಾರ್ಡಿನಿಂದ ಕಟ್ಟಲು ಹೋದರೆ ಪಾವತಿಯ ಶುಲ್ಕವನ್ನು ಕಟ್ಟುವವನೇ ಮೇಲಿಂದ ಕೊಡಬೇಕು. ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಊರು. ಆ ರೈಲ್ವೆಯ ಟಿಕೆಟನ್ನು ಐಆರ್‌ಸಿಟಿಸಿಯಲ್ಲಿ ಕೊಂಡರೆ ಯುಪಿಐಗೆ ಒಂದು ಅನುಕೂಲ ಶುಲ್ಕ, ಕಾರ್ಡಿಗೆ ಅದಕ್ಕಿಂತ ಹೆಚ್ಚಿನ ಇನ್ನೊಂದು ಶುಲ್ಕ. ಪೆಟ್ರೋಲ್ ಬಂಕಿನಲ್ಲಿ ಕ್ರೆಡಿಟ್ ಕಾರ್ಡು ಉಜ್ಜಿದರೆ ಒಂದು ಪರ್ಸೆಂಟ್ ಇಂಧನ ಸರ್ಚಾರ್ಜು. ಬ್ಯಾಂಕು ಒಂದು ಮಿತಿಯವರೆಗೆ ಅದನ್ನು ಮಾಫಿ ಮಾಡಬಹುದು, ಮಾಡದೆಯೂ ಇರಬಹುದು. ಇದನ್ನೆಲ್ಲ ಯಾರೂ ಅಕ್ರಮ ಎಂದಿಲ್ಲ. ಅದೇ ಬಂಕಿನ ಇನ್ನೊಂದು ಪ್ರಸಂಗವೂ ಇದೆ. ನೋಟು ರದ್ದತಿಯ ಬಿಸಿ ಇನ್ನೂ ಆರದ 2017ರ ಜನವರಿಯಲ್ಲಿ ಬ್ಯಾಂಕುಗಳು ಕಾರ್ಡಿನ ಮೇಲೆ ಒಂದು ಪರ್ಸೆಂಟ್ ಕಡಿತ ಮಾಡುತ್ತೇವೆಂದಾಗ ದೇಶದ ಪೆಟ್ರೋಲ್ ಡೀಲರುಗಳ ಸಂಘ ಕಾರ್ಡು ತೆಗೆದುಕೊಳ್ಳುವುದನ್ನೇ ನಿಲ್ಲಿಸುವುದಾಗಿ ಘೋಷಿಸಿತು. ನಮ್ಮ ಮಾರ್ಜಿನ್ ಲೀಟರಿಗೆ ಇಷ್ಟೇ ಎಂದು ಗೊತ್ತುಪಡಿಸಿದ್ದು, ಅದರಲ್ಲಿ ಇದಕ್ಕೆ ಜಾಗವಿಲ್ಲ ಎಂಬುದು ಅವರ ವಾದ. ಕೇಂದ್ರ ಸರಕಾರ ತಕ್ಷಣ ನಡುವೆ ಬಂದು ಡೀಲರಿಗೂ ಗಿರಾಕಿಗೂ ಈ ಹೊರೆ ಬೀಳುವುದಿಲ್ಲ ಎಂದಿತು. ಆಗ ಯಾರೂ ಬಂಕಿನವರನ್ನು ಹಿಂದುಳಿದವರು ಎನ್ನಲಿಲ್ಲ, ಕಳ್ಳರು ಎನ್ನಲಿಲ್ಲ. ಕಿರಾಣಿಯವನ ವಾದವೂ ಅಕ್ಷರಶಃ ಅದೇ. ಅವನಿಗೆ ದೇಶವ್ಯಾಪಿ ಸಂಘದ ಬಲವಿಲ್ಲ, ಒಂದೇ ದಿನದಲ್ಲಿ ಊರನ್ನು ನಿಲ್ಲಿಸುವ ಶಕ್ತಿ ಇಲ್ಲ, ಅಷ್ಟೇ ವ್ಯತ್ಯಾಸ.

ಕಾರ್ಡು ಇಟ್ಟುಕೊಂಡರೆ ವ್ಯಾಪಾರ ಹೆಚ್ಚುತ್ತದೆ, ಹೆಚ್ಚಿದ ವ್ಯಾಪಾರದಲ್ಲಿ ಶುಲ್ಕ ತೀರುತ್ತದೆ ಎಂಬುದು ಬ್ಯಾಂಕಿನ ಮಾರಾಟ ಪ್ರತಿನಿಧಿಗಳ ನೆಚ್ಚಿನ ಮಾತು. ಕೆಲವರ ವಿಷಯದಲ್ಲಿ ಇದು ಪೂರ್ತಿ ಸತ್ಯ. ವಾಷಿಂಗ್ ಮಷಿನ್ ಕೊಳ್ಳಲು ಬಂದವನು ಕಂತಿನ ಸೌಲಭ್ಯ ಕಂಡು ದೊಡ್ಡದನ್ನೇ ಒಯ್ಯುತ್ತಾನೆ. ಹಾಗಾಗಿಯೇ ಆ ಅಂಗಡಿಗಳು ಯಾರ ಉಪದೇಶಕ್ಕೂ ಕಾಯದೆ ಮಷಿನ್ ಇಟ್ಟವು. ಆದರೆ ಎರಡು ಕಿಲೋ ಸಕ್ಕರೆ ಬೇಕಾದವನು ಕಾರ್ಡು ಇದೆಯೆಂದು ನಾಲ್ಕು ಕಿಲೋ ಒಯ್ಯುವುದಿಲ್ಲ. ಲೈನ್ ಬಜಾರಿನಲ್ಲಿ ಪೇಡೆಗೆ ಸಾಲು ನಿಂತವನು ಕಾರ್ಡು ನಡೆಯುವುದಿಲ್ಲವೆಂದು ತಿರುಗಿ ಹೋಗುವುದೂ ಇಲ್ಲ. ಯಾವ ವ್ಯಾಪಾರ ಕಾರ್ಡಿನಿಂದ ಬೆಳೆಯುತ್ತದೆ, ಯಾವುದು ಬೆಳೆಯುವುದಿಲ್ಲ ಎಂಬ ಅಂದಾಜು ಗಲ್ಲೆಯ ಮೇಲೆ ಕೂತವನಿಗೆ ಇರುವಷ್ಟು ಉಪದೇಶಕರಿಗೆ ಇಲ್ಲ.

ರೂಪೇ ವಿಷಯದಲ್ಲಿ ಇದಕ್ಕೆ ದೇಶಾಭಿಮಾನದ ಒಗ್ಗರಣೆಯೂ ಬಿದ್ದಿದೆ. ಸ್ವದೇಶಿ ಕಾರ್ಡು, ವಿದೇಶಿ ಕಂಪನಿಗಳ ಹಿಡಿತ ತಪ್ಪಿಸುವ ಕಾರ್ಡು, ಅದನ್ನು ನಿರಾಕರಿಸಬಹುದೇ ಎಂಬ ಧಾಟಿ. ರೂಪೇ ನಮ್ಮದು ಎಂಬುದರಲ್ಲಿ ಎರಡು ಮಾತಿಲ್ಲ. 2012ರಲ್ಲಿ ಅದು ಹುಟ್ಟಿದ್ದರಿಂದ ಡೆಬಿಟ್ ಕಾರ್ಡಿನ ಖರ್ಚು ಇಳಿದದ್ದೂ ದೊಡ್ಡ ಉಪಕಾರವೇ. ಆದರೆ ರೂಪೇ ಡೆಬಿಟ್ ಪುಕ್ಕಟೆ, ರೂಪೇ ಕ್ರೆಡಿಟ್ ಪುಕ್ಕಟೆ ಅಲ್ಲ. ಹೆಸರೊಂದೇ ಎಂದು ಒಂದರ ಪುಣ್ಯವನ್ನು ಇನ್ನೊಂದಕ್ಕೆ ಬರೆಯುವುದು ಸಲ್ಲದು. ಸ್ವದೇಶಿಯ ಪಾಠ ಹುಬ್ಬಳ್ಳಿಗೆ ಹೊರಗಿನಿಂದ ಬರಬೇಕಾಗಿಲ್ಲ. ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಆ ಧ್ವಜದ ಬೆಲೆ ಪಾಲಿಯೆಸ್ಟರ್ ಧ್ವಜಕ್ಕಿಂತ ಹೆಚ್ಚು; ಹೆಚ್ಚೆಂದು ಚೀಟಿಯಲ್ಲೇ ಬರೆದಿರುತ್ತದೆ, ಬೇಕಾದವನು ತಿಳಿದೇ ಕೊಟ್ಟು ಒಯ್ಯುತ್ತಾನೆ. ಸ್ವದೇಶಿ ಕ್ರೆಡಿಟ್ ಕಾರ್ಡಿನ ಮೇಲೆ ಪ್ರೀತಿ ಇರುವವರು ಅದರ ಹೆಚ್ಚುವರಿ ಖರ್ಚನ್ನೂ ಹಾಗೇ ಬಿಲ್ಲಿನಲ್ಲಿ ಕಂಡು, ತಿಳಿದು, ತಾವೇ ಕೊಡಲಿ. ಅಭಿಮಾನ ಗಿರಾಕಿಯದು, ಖರ್ಚು ಕಿರಾಣಿಯವನದು ಎಂದರೆ ಹೇಗೆ?

ಹೊರಗಿನ ದೇಶಗಳಲ್ಲಿ ಕಾರ್ಡು ಎಲ್ಲ ಕಡೆ ನಡೆಯುತ್ತದೆ, ನಾವು ಮಾತ್ರ ತಕರಾರು ಮಾಡುತ್ತೇವೆ ಎಂಬ ಕಲ್ಪನೆಯೂ ಪೊಳ್ಳು. ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡು ತನ್ನ ಸ್ವಂತ ದೇಶದಲ್ಲೇ ಹೆಚ್ಚಿನ ಶುಲ್ಕದ ಕಾರಣಕ್ಕೆ ದಶಕಗಳ ಕಾಲ ಅಂಗಡಿಕಾರರ ಸಿಟ್ಟು ಎದುರಿಸಿದೆ. ‘ಬೇರೆ ಅಗ್ಗದ ಕಾರ್ಡು ಕೊಡಿ’ ಎಂದು ಗಿರಾಕಿಗೆ ಹೇಳುವ ಹಕ್ಕೂ ಅಂಗಡಿಗೆ ಇಲ್ಲದಂತೆ ಕಟ್ಟಿದ ನಿಯಮದ ಮೇಲೆ ಅಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಮೊಕದ್ದಮೆ ಹೋಯಿತು, 2018ರಲ್ಲಿ ಕಂಪನಿ 5-4ರ ಅಂತರದಲ್ಲಿ ಗೆದ್ದಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ನಾಲ್ವರು ಅಂಗಡಿಯ ಕಡೆ ನಿಂತಿದ್ದರು ಎಂಬುದನ್ನು ನಮ್ಮ ಉಪದೇಶಕರು ಗಮನಿಸಬೇಕು. ಯುರೋಪಿನ ಒಕ್ಕೂಟ 2015ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಸಾಮಾನ್ಯ ಗ್ರಾಹಕರ ಕ್ರೆಡಿಟ್ ಕಾರ್ಡಿನಲ್ಲಿ ಕಾರ್ಡು ಕೊಟ್ಟ ಬ್ಯಾಂಕಿನ ಪಾಲು 0.3 ಪರ್ಸೆಂಟ್ ಮೀರಬಾರದೆಂದು ಕಾನೂನು ಮಾಡಿತು. ಆಸ್ಟ್ರೇಲಿಯಾ 2003ರಲ್ಲೇ ಅಂಗಡಿಕಾರ ಕಾರ್ಡಿನ ಖರ್ಚನ್ನು ಗಿರಾಕಿಯಿಂದ ಬಹಿರಂಗವಾಗಿ ಪಡೆಯಲು ಬಿಟ್ಟಿತು, 2016ರಲ್ಲಿ ನಿಜವಾದ ಖರ್ಚಿಗಿಂತ ಹೆಚ್ಚು ಕೇಳಬಾರದೆಂದು ಬಿಗಿ ಮಾಡಿತು. ಆ ದೇಶಗಳೆಲ್ಲ ಈ ಶುಲ್ಕವನ್ನು ಒಂದು ಸಮಸ್ಯೆ ಎಂದು ಒಪ್ಪಿಕೊಂಡು ಚರ್ಚಿಸಿದವು. ನಾವು ಸಮಸ್ಯೆಯನ್ನು ಬಿಟ್ಟು ಅಂಗಡಿಕಾರನ ಸ್ವಭಾವ ಚರ್ಚಿಸುತ್ತಿದ್ದೇವೆ.

ಕೊನೆಯ ಆಕ್ಷೇಪ ಅರ್ಥಶಾಸ್ತ್ರ ಬಲ್ಲವರದು, ಎಲ್ಲಕ್ಕಿಂತ ಬಲವಾದದ್ದೂ ಅದೇ: ಜಾಲ ನಡೆಸಲು ಖರ್ಚಿದೆ, ಸಾಲ ಕೊಡಲು ಖರ್ಚಿದೆ, ಯಾರಾದರೂ ಕೊಡಲೇಬೇಕು. ಒಪ್ಪುವ ಮಾತು. ಯುಪಿಐ ಕೂಡ ನಿಜಕ್ಕೂ ಪುಕ್ಕಟೆ ಅಲ್ಲ. ಸಣ್ಣ ವ್ಯಾಪಾರಿಗಳ 2,000 ರೂಪಾಯಿವರೆಗಿನ ಪಾವತಿಗಳಿಗೆ ಪ್ರೋತ್ಸಾಹಧನವೆಂದು ಕೇಂದ್ರ ಸಂಪುಟ 2025ರ ಮಾರ್ಚಿನಲ್ಲಿ 1,500 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದು ನಮ್ಮೆಲ್ಲರ ತೆರಿಗೆ ಹಣ. ಆದರೆ ಆ ಲೆಕ್ಕ ಬಹಿರಂಗವಾಗಿದೆ, ಪ್ರಶ್ನಿಸಬಹುದು. ಕ್ರೆಡಿಟ್ ಕಾರ್ಡಿನ ಖರ್ಚನ್ನೂ ಕೊಡೋಣ. ಅದರ ಲಾಭ ಪಡೆಯುವವನು ಕೊಡಲಿ, ಅಥವಾ ಯಾರು ಕೊಟ್ಟರೂ ಬಿಲ್ಲಿನಲ್ಲಿ ಕಾಣಲಿ. ರಿಸರ್ವ್ ಬ್ಯಾಂಕು ಡೆಬಿಟ್ ಕಾರ್ಡಿಗೆ 2017ರಲ್ಲಿ ಹಾಕಿದಂಥ ಮಿತಿಯನ್ನು ಕ್ರೆಡಿಟ್ ಕಾರ್ಡಿಗೂ, ಸಣ್ಣ ವಹಿವಾಟಿನ ಅಂಗಡಿಗಳ ಮಟ್ಟಿಗಾದರೂ, ಹಾಕಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ. ರೂಪೇ ಕ್ರೆಡಿಟ್ ಕಾರ್ಡಿನ 2,000 ರೂಪಾಯಿ ಗೆರೆಯನ್ನು ಬಿಲ್ಲಿನ ಮೊತ್ತಕ್ಕೆ ಕಟ್ಟುವ ಬದಲು ಅಂಗಡಿಯ ವಾರ್ಷಿಕ ವಹಿವಾಟಿಗೆ ಕಟ್ಟಿದರೆ 1,900ರಂತೆ ಎರಡು ಸಲ ಸ್ಕ್ಯಾನ್ ಮಾಡಿಸುವ ನಾಟಕವೂ ತಪ್ಪುತ್ತದೆ. ಸೆಟ್ಲಮೆಂಟ್ ಚೀಟಿಯಲ್ಲಿ ಒಟ್ಟು ಮೊತ್ತದ ಕೆಳಗೆ ಕಡಿತವನ್ನೂ ಅದರ ಮೇಲಿನ ಜಿಎಸ್‌ಟಿಯನ್ನೂ ಅಚ್ಚು ಮಾಡುವುದು ಮಷಿನಿನ ಸಾಫ್ಟ್‌ವೇರಿಗೆ ಅರ್ಧ ದಿನದ ಕೆಲಸ. 1928ರಿಂದ ಈ ಭಾಗದ ವ್ಯಾಪಾರಿಗಳ ಪರ ಮಾತಾಡುತ್ತ ಬಂದ ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ ಈ ಮೂರು ಬೇಡಿಕೆಗಳನ್ನು ಹಿಡಿದು ರಿಸರ್ವ್ ಬ್ಯಾಂಕಿನ ಬಾಗಿಲು ಬಡಿಯಬೇಕು. ಬೇಡಿಕೆ ಈಡೇರಿದ ದಿನ ಜವಳಿ ಸಾಲಿನಲ್ಲಿ ಕಾರ್ಡು ನಡೆಯುತ್ತದೋ ಇಲ್ಲವೋ ನೋಡಿ, ಆಮೇಲೆ ಅಲ್ಲಿಯ ವ್ಯಾಪಾರಿಯನ್ನು ಹಿಂದುಳಿದವನೆನ್ನಬೇಕೋ ಬೇಡವೋ ತೀರ್ಮಾನಿಸಬಹುದು.